ಒಂದು ತೆಗೆದ ಮೇಲೆ ಉಳಿದದ್ದೆಷ್ಟು?

ಓದುಗರ ಲೆಕ್ಕ, ನಮ್ಮ ಉತ್ತರ

ಈ ಸಲ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯಿಂದ ಬಂದ ಪ್ರಶ್ನೆಗಳನ್ನು ಒಟ್ಟಿಗೆ ತಗೊಂಡಿದ್ದೇನೆ. ಕೊಬ್ಬರಿ, ಚೀಟಿ, ಟೊಮೆಟೊ, ಹಸು ಅಂತ ವಿಷಯ ಬೇರೆ ಬೇರೆ. ಒಳಗಿರುವ ಲೆಕ್ಕ ಮಾತ್ರ ಒಂದೇ. ಒಂದು ಸಂಗತಿ ನಡೆದಿದೆ ಅಂತ ಗೊತ್ತಾದ ಮೇಲೆ ಇನ್ನೊಂದು ನಡೆಯುವ ಸಾಧ್ಯತೆ ಎಷ್ಟು? ಪಿಯು ಪುಸ್ತಕದಲ್ಲಿ ಇದನ್ನು ಷರತ್ತುಬದ್ಧ ಸಂಭವನೀಯತೆ ಅಂತಾರೆ. ಹೆಸರು ಕೇಳಿ ಹೆದರುವಂಥದ್ದು ಏನೂ ಇಲ್ಲ. ಆದರೆ ಇದನ್ನು ಅರ್ಧಂಬರ್ಧ ತಿಳಿದುಕೊಂಡರೆ ಪರೀಕ್ಷೆಯಲ್ಲಿ ಮಾತ್ರ ಅಲ್ಲ, ಸಾಲ ಮಾಡುವಾಗ, ಔಷಧಿ ಹಾಕಿಸುವಾಗ ಕೂಡ ಏಟು ಬೀಳುತ್ತದೆ. ಅದಕ್ಕೇ ಕೆಲವು ಉತ್ತರ ಉದ್ದ ಆಗಿವೆ.

ಪ್ರಶ್ನೆ: ಒಂದು ಚೀಲದಲ್ಲಿ 20 ಕೊಬ್ಬರಿ ಇವೆ, ಅದರಲ್ಲಿ 4 ಕೌಟು. ನೋಡದೆ ಎರಡು ತೆಗೆದರೆ ಎರಡೂ ಚೆನ್ನಾಗಿರುವ ಸಂಭವನೀಯತೆ ಎಷ್ಟು ಅಂತ ನಮ್ಮ ಲೆಕ್ಚರರ್ ಕೇಳಿದರು. ನಾನು 16/20 × 16/20 ಅಂತ ಬರೆದೆ. ತಪ್ಪು ಅಂದರು. ಎರಡು ಸಲವೂ ಅದೇ ಚೀಲ, ಅದೇ ಕೊಬ್ಬರಿ ಅಲ್ವಾ ಸರ್?
(ದ್ವಿತೀಯ ಪಿಯು ವಿದ್ಯಾರ್ಥಿನಿ, ತಿಪಟೂರು)

ಉತ್ತರ: ಚೀಲ ಅದೇ ಅಮ್ಮ, ಒಳಗಿರುವುದು ಅದೇ ಅಲ್ಲ. ಎರಡನೇ ಸಲ ಕೈ ಹಾಕುವಾಗ ಚೀಲದಲ್ಲಿ ಎಷ್ಟಿವೆ? 19. ಮೊದಲು ಬಂದದ್ದು ಒಳ್ಳೇದು ಅಂತ ಇಟ್ಟುಕೊಂಡೇ ಮುಂದಕ್ಕೆ ಹೋಗುತ್ತಿದ್ದೇವೆ, ಹಾಗಾಗಿ ಒಳ್ಳೇವು 15 ಉಳಿದಿವೆ. ಎರಡನೆಯದಕ್ಕೆ 15/19 ಬರಬೇಕು. ಉತ್ತರ 16/20 × 15/19, ಅಂದರೆ 240/380, ಸುಲಭ ರೂಪದಲ್ಲಿ 12/19. ಸುಮಾರು 63.2 ಪರ್ಸೆಂಟ್. ನೀನು ಬರೆದದ್ದು 64 ಪರ್ಸೆಂಟ್. ಮೊದಲನೇ ಕೊಬ್ಬರಿಯನ್ನು ನೋಡಿ, ವಾಪಸ್ ಚೀಲಕ್ಕೆ ಹಾಕಿ, ಚೆನ್ನಾಗಿ ಕಲಸಿ ಮತ್ತೆ ತೆಗೆದಿದ್ದರೆ ನಿನ್ನ ಉತ್ತರವೇ ಸರಿ ಇರುತ್ತಿತ್ತು.

ನಿಯಮವನ್ನು ಮಾತಿನಲ್ಲೇ ನೆನಪಿಟ್ಟುಕೋ. ಎರಡೂ ನಡೆಯುವ ಸಾಧ್ಯತೆ ಬೇಕಾದರೆ ಮೊದಲನೆಯದರ ಸಾಧ್ಯತೆಯನ್ನು, ಮೊದಲನೆಯದು ನಡೆದಿದೆ ಅನ್ನುವಾಗ ಎರಡನೆಯದಕ್ಕೆ ಇರುವ ಸಾಧ್ಯತೆಯಿಂದ ಗುಣಿಸಬೇಕು. ಆ "ನಡೆದಿದೆ ಅನ್ನುವಾಗ" ಅನ್ನುವ ಮಾತೇ ಷರತ್ತು. ಅದನ್ನು ಬಿಟ್ಟರೆ ಲೆಕ್ಕ ಕೈ ತಪ್ಪುತ್ತದೆ. ಪುಸ್ತಕದಲ್ಲಿ ಇದೇ ಸೂತ್ರವನ್ನು ಭಾಗಾಕಾರದ ರೂಪದಲ್ಲಿ ಕೊಟ್ಟಿರುತ್ತಾರೆ: ಎರಡೂ ನಡೆಯುವ ಸಾಧ್ಯತೆಯನ್ನು ಮೊದಲನೆಯದರ ಸಾಧ್ಯತೆಯಿಂದ ಭಾಗಿಸು ಅಂತ. ಯಾಕೆ ಭಾಗಿಸಬೇಕು? ಮೊದಲನೆಯದು ನಡೆಯದೇ ಹೋದ ಸಂದರ್ಭಗಳೆಲ್ಲ ಈಗ ನಮ್ಮ ಲೆಕ್ಕದಿಂದ ಆಚೆ ಹೋದವು. ಉಳಿದವುಗಳನ್ನೇ ಪೂರ್ತಿ ಒಂದು ಅಂತ ಹಿಡಿಯಬೇಕು. ಭಾಗಾಕಾರ ಮಾಡುವುದು ಆ ಕೆಲಸ.

ನಿನಗೆ ಇನ್ನೊಂದು ಅನುಮಾನ ಬಂದಿರಬಹುದು. 63.2ಕ್ಕೂ 64ಕ್ಕೂ ಎಷ್ಟು ವ್ಯತ್ಯಾಸ, ಇಷ್ಟಕ್ಕೆ ಮಾರ್ಕ್ಸ್ ಕಳೀಬೇಕಾ ಅಂತ. ಚೀಲದ ಬದಲು 2000 ಕೊಬ್ಬರಿಯ ರಾಶಿ ಇದ್ದು ಅದರಲ್ಲಿ 400 ಕೌಟು ಅಂದುಕೋ. 1600/2000 × 1599/1999 ಮಾಡಿದರೆ 63.99 ಪರ್ಸೆಂಟ್ ಬರುತ್ತದೆ. 64ಕ್ಕೆ ಅಂಟಿಕೊಂಡೇ ಇದೆ. ದೊಡ್ಡ ರಾಶಿಯಿಂದ ಒಂದೆರಡು ತೆಗೆದರೆ ಉಳಿದದ್ದರ ಮೇಲೆ ಏನೂ ಆಗುವುದಿಲ್ಲ, ಅಲ್ಲಿ ನಿನ್ನ ವಿಧಾನ ನಡೆಯುತ್ತದೆ. ಅದೇ ಮನೆಯಲ್ಲಿ ಐದೇ ಕೊಬ್ಬರಿ ಇದ್ದು ಒಂದು ಕೌಟು ಆಗಿದ್ದರೆ? ಸರಿಯಾದ ಉತ್ತರ 60 ಪರ್ಸೆಂಟ್, ನಿನ್ನ ವಿಧಾನದಲ್ಲಿ 64. ರಾಶಿ ಚಿಕ್ಕದಾದಷ್ಟೂ ತಪ್ಪು ದೊಡ್ಡದಾಗುತ್ತದೆ.

ಉತ್ತರ ಬರೆದ ಮೇಲೆ ಹೀಗೆ ತಾಳೆ ನೋಡು. ಎರಡೂ ಒಳ್ಳೇವು 240/380. ಎರಡೂ ಕೌಟು 4/20 × 3/19, ಅಂದರೆ 12/380. ಒಂದು ಒಳ್ಳೇದು ಒಂದು ಕೌಟು ಎರಡು ದಾರಿಯಲ್ಲಿ ಬರಬಹುದು, ಒಳ್ಳೇದು ಮೊದಲು ಬಂದರೆ 64/380, ಕೌಟು ಮೊದಲು ಬಂದರೆ 64/380, ಸೇರಿಸಿದರೆ 128/380. ಮೂರನ್ನೂ ಕೂಡು. 380/380 ಬಂತಾ? ಬಂದರೆ ಯಾವ ದಾರಿಯನ್ನೂ ಬಿಟ್ಟಿಲ್ಲ ಅಂತ ಅರ್ಥ. ಆ 128ನ್ನು 64 ಅಂತ ಬರೆದು ಬರುವವರೇ ಜಾಸ್ತಿ.

ಪ್ರಶ್ನೆ: ನಾವು 20 ಜನ ಹೆಂಗಸರು ತಿಂಗಳಿಗೆ 2000 ರೂಪಾಯಿಯಂತೆ ಚೀಟಿ ಹಾಕಿದ್ದೇವೆ. ಹರಾಜು ಇಲ್ಲ. ಹೆಸರು ಬರೆದ ಚೀಟಿಗಳನ್ನು ಡಬ್ಬಕ್ಕೆ ಹಾಕಿ ತಿಂಗಳಿಗೆ ಒಂದು ಎತ್ತುತ್ತೇವೆ, ಯಾರ ಹೆಸರು ಬಂತೋ ಅವರಿಗೆ 40,000. ಬಂದವರ ಹೆಸರು ಮತ್ತೆ ಹಾಕಲ್ಲ. ಮೊದಮೊದಲು ಜನ ಜಾಸ್ತಿ, ಹಾಗಾಗಿ ಬರೋದು ಕಷ್ಟ, ತಿಂಗಳು ಕಳೆದಂತೆ ಸುಲಭ ಅಂತ ಒಬ್ಬರು. ಯಾವ ತಿಂಗಳಾದರೂ ಎಲ್ಲರಿಗೂ ಒಂದೇ ಅಂತ ಇನ್ನೊಬ್ಬರು. ಯಾರ ಮಾತು ಸರಿ? ನನಗೆ ಆರನೇ ತಿಂಗಳೊಳಗೆ ಮಗನ ಫೀಸ್ ಕಟ್ಟಬೇಕು.
(ಗೃಹಿಣಿ, ಚಿಂತಾಮಣಿ)

ಉತ್ತರ: ಇಬ್ಬರ ಮಾತೂ ಸರಿ. ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಹೇಳುತ್ತಿದ್ದಾರೆ, ಅದಕ್ಕೇ ಜಗಳ ಮುಗಿಯುತ್ತಿಲ್ಲ.

ಚೀಟಿ ಶುರುವಾಗುವ ದಿನ ಕೂತು ಯೋಚನೆ ಮಾಡಿ. ಐದನೇ ತಿಂಗಳೇ ನಿಮಗೆ ಬರಬೇಕಾದರೆ ಏನೇನು ಆಗಬೇಕು? ಮೊದಲನೇ ತಿಂಗಳು ನಿಮಗೆ ಬರಬಾರದು, ಅದರ ಸಾಧ್ಯತೆ 19/20. ಎರಡನೇ ತಿಂಗಳೂ ಬರಬಾರದು, ಆಗ ಡಬ್ಬದಲ್ಲಿ 19 ಹೆಸರು, 18/19. ಮೂರನೇ ತಿಂಗಳು 17/18. ನಾಲ್ಕನೇ ತಿಂಗಳು 16/17. ಐದನೇ ತಿಂಗಳು ಬರಬೇಕು, ಆಗ ಉಳಿದಿರುವುದು 16 ಹೆಸರು, 1/16. ಎಲ್ಲವನ್ನೂ ಗುಣಿಸಿ:

19/20 × 18/19 × 17/18 × 16/17 × 1/16

ಮೇಲಿನ 19 ಕೆಳಗಿನ 19ಕ್ಕೆ ಹೊಡೆದುಹೋಯಿತು. 18ಕ್ಕೆ 18, 17ಕ್ಕೆ 17, 16ಕ್ಕೆ 16. ಉಳಿದದ್ದು 1/20. ಯಾವ ತಿಂಗಳು ಬೇಕಾದರೂ ತಗೊಂಡು ಮಾಡಿ ನೋಡಿ, ಹೀಗೇ ಸರಸರ ಹೊಡೆದುಹೋಗಿ 1/20 ಉಳಿಯುತ್ತದೆ. ಅಂದರೆ ಶುರುವಿನಲ್ಲಿ ನಿಂತು ನೋಡಿದರೆ ಯಾವ ತಿಂಗಳೂ ಇನ್ನೊಂದಕ್ಕಿಂತ ಹೆಚ್ಚಲ್ಲ, ಕಮ್ಮಿ ಅಲ್ಲ. ಎರಡನೆಯವರು ಹೇಳಿದ್ದು ಇದನ್ನೇ.

ಈಗ ನಾಲ್ಕು ತಿಂಗಳು ಕಳೆದಿದೆ, ನಿಮಗೆ ಬಂದಿಲ್ಲ ಅಂತಿಟ್ಟುಕೊಳ್ಳಿ. ಈಗ ಕೇಳಿದರೆ ಐದನೇ ತಿಂಗಳ ಸಾಧ್ಯತೆ 1/16. ಹದಿನೈದು ತಿಂಗಳು ಬಂದೇ ಇಲ್ಲ ಅಂದರೆ ಮುಂದಿನ ತಿಂಗಳಿಗೆ 1/5. ಹತ್ತೊಂಬತ್ತು ಕಳೆದಿದ್ದರೆ ಡಬ್ಬದಲ್ಲಿ ನಿಮ್ಮ ಹೆಸರೊಂದೇ. ಮೊದಲನೆಯವರು ಹೇಳಿದ್ದು ಇದನ್ನು. ಅವರ ಮಾತಿನಲ್ಲಿ "ಇಲ್ಲಿವರೆಗೆ ಬಂದಿಲ್ಲ" ಅನ್ನುವ ಷರತ್ತು ಅಡಗಿದೆ, ಅದನ್ನು ಬಾಯಿಬಿಟ್ಟು ಹೇಳಿಲ್ಲ ಅಷ್ಟೇ.

ಇನ್ನು ನಿಮ್ಮ ಮಗನ ಫೀಸಿನ ವಿಷಯ. ನನಗೆ ಮುಖ್ಯ ಅನ್ನಿಸಿದ್ದು ಇದೇ. ಶುರುವಿನಲ್ಲಿ ಆರು ತಿಂಗಳೊಳಗೆ ಬರುವ ಸಾಧ್ಯತೆ 6/20, ಅಂದರೆ 30 ಪರ್ಸೆಂಟ್. ನಾಲ್ಕು ತಿಂಗಳು ಆಗಿಹೋಗಿ ಇನ್ನೂ ಬಂದಿಲ್ಲ ಅಂದರೆ ಉಳಿದಿರುವುದು ಐದು ಮತ್ತು ಆರನೇ ತಿಂಗಳು ಮಾತ್ರ. ಎರಡು ತಿಂಗಳೂ ಬರದೇ ಇರುವುದು 15/16 × 14/15, ಅಂದರೆ 14/16. ಬರುವುದು 2/16. ಬರೀ ಹನ್ನೆರಡೂವರೆ ಪರ್ಸೆಂಟ್. ಗಮನಿಸಿ, ತಿಂಗಳ ಸಾಧ್ಯತೆ 1/20ರಿಂದ 1/16ಕ್ಕೆ ಏರಿದೆ, ಆದರೆ ನಿಮ್ಮ ಗಡುವಿನೊಳಗೆ ಹಣ ಸಿಗುವ ಸಾಧ್ಯತೆ 30ರಿಂದ ಹನ್ನೆರಡೂವರೆಗೆ ಇಳಿದಿದೆ. "ಈಗ ಜನ ಕಮ್ಮಿ ಆದರು, ನಮಗೆ ಬಂದೇ ಬರುತ್ತೆ" ಅಂತ ಧೈರ್ಯ ಮಾಡಿಕೊಂಡು ಫೀಸಿಗೆ ಬೇರೆ ದಾರಿ ನೋಡದೇ ಕೂರಬೇಡಿ. ಗುಂಪಿನಲ್ಲಿ ಮಾತಾಡಿ, ತುರ್ತು ಇಲ್ಲದ ಒಬ್ಬರ ಜೊತೆ ತಿಂಗಳು ಅದಲು ಬದಲು ಮಾಡಿಕೊಳ್ಳುವ ವ್ಯವಸ್ಥೆ ಇದ್ದರೆ ಅದೇ ಒಳ್ಳೆಯದು.

ಇನ್ನೊಂದು ಮಾತು. ಅಕ್ಕ-ತಂಗಿ ಇಬ್ಬರೂ ಒಂದೇ ಚೀಟಿಯಲ್ಲಿ ಸೇರಿ, ಇಬ್ಬರಿಗೂ ಮೊದಲ ಐದು ತಿಂಗಳಲ್ಲೇ ಬರಲಿ ಅಂತ ಆಸೆ ಪಡುವುದುಂಟು. ಅಕ್ಕನಿಗೆ 5/20. ಅಕ್ಕನಿಗೆ ಒಂದು ತಿಂಗಳು ಹೋದ ಮೇಲೆ ತಂಗಿಗೆ ಉಳಿದದ್ದು ನಾಲ್ಕೇ ತಿಂಗಳು, ಹೆಸರು 19, ಹಾಗಾಗಿ 4/19. ಗುಣಿಸಿದರೆ 1/19. ಸುಮ್ನೆ 5/20 × 5/20 ಅಂದರೆ 1/16 ಬರುತ್ತಿತ್ತು. ಒಬ್ಬರಿಗೆ ಬೇಗ ಬಂದರೆ ಇನ್ನೊಬ್ಬರ ಅವಕಾಶ ಸ್ವಲ್ಪ ಕುಗ್ಗುತ್ತದೆ. ಅವಲಂಬನೆ ಈ ದಿಕ್ಕಿಗೂ ಇರಬಹುದು, ಇದರ ಉಲ್ಟಾ ದಿಕ್ಕಿಗೂ ಇರಬಹುದು. ಉಲ್ಟಾ ದಿಕ್ಕಿನದು ಕೆಳಗೆ ಟೊಮೆಟೊ ಪ್ರಶ್ನೆಯಲ್ಲಿದೆ.

ಪ್ರಶ್ನೆ: ನಮ್ಮ ಟೀಂ ಸತತವಾಗಿ ಐದು ಟಾಸ್ ಸೋತಿದೆ. ಚೀಟಿಯ ಹಾಗೆ ಇಲ್ಲೂ ಮುಂದಿನ ಸಲ ಗೆಲ್ಲುವ ಸಾಧ್ಯತೆ ಜಾಸ್ತಿ ಆಗಿರಬೇಕಲ್ಲ?
(ಕ್ರಿಕೆಟ್ ಆಟಗಾರ, ಶಿರಾ)

ಉತ್ತರ: ಆಗಿಲ್ಲ. ಡಬ್ಬದಿಂದ ಹೆಸರು ತೆಗೆದರೆ ಡಬ್ಬ ಖಾಲಿಯಾಗುತ್ತಾ ಬರುತ್ತದೆ. ನಾಣ್ಯದಿಂದ ಏನೂ ಖರ್ಚಾಗುವುದಿಲ್ಲ. ಐದು ಸೋತರೂ ಆರನೆಯದು 1/2. ಇವು ಸ್ವತಂತ್ರ ಘಟನೆಗಳು, ಹಿಂದಿನದು ಗೊತ್ತಿದ್ದರೂ ಮುಂದಿನದರ ಲೆಕ್ಕ ಬದಲಾಗುವುದಿಲ್ಲ. ಶುರುವಿನಲ್ಲೇ ಕೇಳಿದ್ದರೆ ಆರಕ್ಕೆ ಆರೂ ಸೋಲುವುದು 1/64, ನಿಜ. ಆದರೆ ಐದು ಸೋಲು ಈಗಾಗಲೇ ಆಗಿಹೋಗಿದೆ.

ಪ್ರಶ್ನೆ: ನಮ್ಮದು ಎರಡು ಹೊಲ, ಎರಡರಲ್ಲೂ ಟೊಮೆಟೊ. ಅನುಭವದಲ್ಲಿ ಐದು ಬೆಳೆ ಇಟ್ಟರೆ ಒಂದು ಬೆಳೆ ರೋಗಕ್ಕೆ ಹೋಗುತ್ತದೆ. ಹಾಗಾದರೆ ಎರಡೂ ಹೊಲ ಒಟ್ಟಿಗೆ ಹೋಗುವುದು 1/5 × 1/5, ಅಂದರೆ 25ಕ್ಕೆ ಒಂದು ಸಲ ಅಂತ ನನ್ನ ಮಗ ಲೆಕ್ಕ ಹಾಕಿದ. ಅಷ್ಟು ಕಮ್ಮಿ ಅಂದರೆ ಎರಡೂ ಹೊಲಕ್ಕೆ ಸಾಲ ತಂದು ಹಾಕಬಹುದಾ?
(ರೈತರು, ಮುಳಬಾಗಿಲು ತಾಲ್ಲೂಕು)

ಉತ್ತರ: ನಿಮ್ಮ ಮಗ ಗುಣಾಕಾರ ಸರಿಯಾಗಿ ಮಾಡಿದ್ದಾನೆ. ಆದರೆ ಹಾಗೆ ಗುಣಿಸಬೇಕಾದರೆ ಒಂದು ಹೊಲಕ್ಕೆ ರೋಗ ಬಂದದ್ದಕ್ಕೂ ಇನ್ನೊಂದು ಹೊಲಕ್ಕೂ ಯಾವ ಸಂಬಂಧವೂ ಇರಬಾರದು. ನಿಮಗೇ ಗೊತ್ತು, ಹಾಗಿರುವುದಿಲ್ಲ. ಎರಡೂ ಹೊಲಕ್ಕೆ ಒಂದೇ ನರ್ಸರಿಯ ಸಸಿ. ಒಂದೇ ವಾರ ನಾಟಿ. ಮೋಡ ಮುಚ್ಚಿ ತಂಪು ಹಿಡಿದು ಜಿಟಿಜಿಟಿ ಮಳೆ ಶುರುವಾದರೆ ಎರಡರ ಮೇಲೂ ಬೀಳುತ್ತದೆ, ಅಂಗಮಾರಿ ಹಬ್ಬುವುದು ಅಂಥ ಹವೆಯಲ್ಲೇ. ಎಲೆ ಮುದುಡುವ ವೈರಸ್ಸನ್ನು ಹೊತ್ತು ತರುವ ಬಿಳಿ ನೊಣ ನಿಮ್ಮ ಬದು ನೋಡಿ ನಿಲ್ಲುವುದಿಲ್ಲ.

ಹಾಗಾಗಿ ಕೇಳಬೇಕಾದ ಪ್ರಶ್ನೆ ಇದು: ಮೇಲಿನ ಹೊಲ ಹೋಗಿದೆ ಅಂತ ಗೊತ್ತಾದಾಗ ಕೆಳಗಿನ ಹೊಲ ಹೋಗುವ ಸಾಧ್ಯತೆ ಎಷ್ಟು? ಇದನ್ನು ನಿಮ್ಮ ಹಳೇ ಲೆಕ್ಕದ ಪುಸ್ತಕದಿಂದಲೇ ತೆಗೆಯಬಹುದು. ಮೇಲಿನ ಹೊಲ ಕೈಕೊಟ್ಟ ಬೆಳೆಗಳನ್ನು ಮಾತ್ರ ಗುರುತು ಹಾಕಿಕೊಳ್ಳಿ. ಉಳಿದವನ್ನು ಮುಟ್ಟಬೇಡಿ. ಗುರುತು ಹಾಕಿದ್ದರಲ್ಲಿ ಎಷ್ಟು ಸಲ ಕೆಳಗಿನದೂ ಹೋಗಿತ್ತು ಅಂತ ಎಣಿಸಿ. ಅದೇ ನಿಮಗೆ ಬೇಕಾದ ಷರತ್ತುಬದ್ಧ ಸಂಭವನೀಯತೆ.

ಅದು 3/5 ಬಂತು ಅಂತಿಟ್ಟುಕೊಳ್ಳೋಣ, ಸುಮ್ನೆ ಉದಾಹರಣೆಗೆ. ಆಗ ಎರಡೂ ಹೋಗುವುದು 1/5 × 3/5, ಅಂದರೆ 3/25. 4 ಪರ್ಸೆಂಟ್ ಅಂದುಕೊಂಡದ್ದು 12 ಪರ್ಸೆಂಟ್ ಆಯಿತು. ಮೂರು ಪಟ್ಟು.

ಇದರ ಇನ್ನೊಂದು ಮುಖವನ್ನೂ ನೋಡಬೇಕು. ಕೆಳಗಿನ ಹೊಲವೂ ಒಟ್ಟಾರೆ ಐದಕ್ಕೊಂದು ಸಲವೇ ಹೋಗುವುದು, ಅಂದರೆ 20 ಪರ್ಸೆಂಟ್. ಅದರಲ್ಲಿ 12 ಪರ್ಸೆಂಟ್ ಮೇಲಿನದರ ಜೊತೆಗೇ ಹೋಗುತ್ತದೆ. ಮಿಕ್ಕಿದ್ದು 8 ಪರ್ಸೆಂಟ್, ಅದು ಮೇಲಿನ ಹೊಲ ಚೆನ್ನಾಗಿರುವಾಗ ಹೋಗುವಂಥದ್ದು. ಮೇಲಿನ ಹೊಲ ಚೆನ್ನಾಗಿರುವುದು 80 ಪರ್ಸೆಂಟ್ ಸಲ. 8ನ್ನು 80ರಿಂದ ಭಾಗಿಸಿದರೆ 1/10. ಅಂದರೆ ಮೇಲಿನ ಹೊಲ ಚೆನ್ನಾಗಿದೆ ಅಂತ ಗೊತ್ತಾದರೆ ಕೆಳಗಿನದರ ಅಪಾಯ ಐದಕ್ಕೊಂದರಿಂದ ಹತ್ತಕ್ಕೊಂದಕ್ಕೆ ಇಳಿಯುತ್ತದೆ. ಎರಡೂ ಚೆನ್ನಾಗಿರುವುದು 4/5 × 9/10, ಅಂದರೆ 72 ಪರ್ಸೆಂಟ್. ಮಗನ ವಿಧಾನದಲ್ಲಿ ಇದು 64 ಬರುತ್ತಿತ್ತು.

ಒಟ್ಟಿನಲ್ಲಿ ಏನಾಯಿತು ಅಂದರೆ, ಒಳ್ಳೇ ಸಲ ಎರಡೂ ಒಳ್ಳೇದು ಆಗುವುದು ಜಾಸ್ತಿ, ಕೆಟ್ಟ ಸಲ ಎರಡೂ ಕೆಡುವುದು ಜಾಸ್ತಿ, ಒಂದು ಉಳಿದು ಒಂದು ಹೋಗುವುದು ಕಮ್ಮಿ. ಸರಾಸರಿ ತೆಗೆದರೆ ನಷ್ಟ ಅಷ್ಟೇ. ಆದರೆ ಸಾಲ ಕೊಟ್ಟವರು ಬಾಗಿಲಿಗೆ ಬರುವುದು ಸರಾಸರಿ ನೋಡಿಕೊಂಡು ಅಲ್ಲವಲ್ಲ. ಒಂದು ಹೊಲ ಹೋಗಿ ಇನ್ನೊಂದು ಉಳಿದರೆ ಹೇಗೋ ಕಂತು ಕಟ್ಟುತ್ತೀರಿ. ಎರಡೂ ಒಟ್ಟಿಗೆ ಹೋದ ಸಲ ಏನು ಮಾಡುತ್ತೀರಿ ಅನ್ನುವುದರ ಮೇಲೆ ಸಾಲದ ತೀರ್ಮಾನ ಆಗಬೇಕು. ಅಲ್ಲಿ 4 ಮತ್ತು 12ರ ವ್ಯತ್ಯಾಸ ದೊಡ್ಡದು.

ಈ ಕೊಂಡಿಯನ್ನು ಸಡಿಲ ಮಾಡಬಹುದು. ಎರಡು ನರ್ಸರಿಯಿಂದ ಸಸಿ ತನ್ನಿ. ನಾಟಿಗೆ ನಡುವೆ ಅಂತರ ಬಿಡಿ. ಒಂದು ಹೊಲಕ್ಕೆ ಬೇರೆ ಬೆಳೆ ಇಟ್ಟರೆ ಇನ್ನೂ ಒಳ್ಳೆಯದು. ಬೀನ್ಸ್ ಆಗಲಿ ರಾಗಿ ಆಗಲಿ, ಟೊಮೆಟೊಗೆ ಬರುವ ರೋಗವೇ ಅದಕ್ಕೂ ಬರಬೇಕು ಅಂತ ಇಲ್ಲ. ಆಗ ಮಗನ ಲೆಕ್ಕ ನಿಜಕ್ಕೆ ಹತ್ತಿರ ಬರುತ್ತದೆ.

ಬೆಲೆಯ ಮಾತು ಬಿಟ್ಟರೆ ಉತ್ತರ ಪೂರ್ತಿ ಆಗುವುದಿಲ್ಲ. ಬೆಳೆ ಮತ್ತು ಬೆಲೆ ಕೂಡ ಒಂದನ್ನೊಂದು ಅವಲಂಬಿಸಿವೆ. ಎಲ್ಲರ ತೋಟವೂ ಹೋದ ಸಲ ಮಂಡಿಗೆ ಮಾಲು ಬರಲ್ಲ, ಬೆಲೆ ಏರುತ್ತದೆ. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸು 2000 ರೂಪಾಯಿ ದಾಟಿದ್ದು ನಿಮಗೆ ನೆನಪಿರಬೇಕು. ಎಲ್ಲರಿಗೂ ಚೆನ್ನಾಗಿ ಬಂದ ಸಲ ಕೀಳುವ ಕೂಲಿಯೂ ಗಿಟ್ಟದೆ ರಸ್ತೆ ಬದಿಗೆ ಸುರಿದದ್ದನ್ನೂ ಇದೇ ಜಿಲ್ಲೆಯಲ್ಲಿ ನೋಡಿದ್ದೇವೆ. ಆದ್ದರಿಂದ "ಒಳ್ಳೇ ಬೆಳೆ ಬರುವ ಸಾಧ್ಯತೆ ಇಷ್ಟು, ಒಳ್ಳೇ ಬೆಲೆ ಸಿಗುವ ಸಾಧ್ಯತೆ ಇಷ್ಟು" ಅಂತ ಬೇರೆ ಬೇರೆ ಬರೆದು ಗುಣಿಸಬೇಡಿ. "ನನಗೆ ಬೆಳೆ ಚೆನ್ನಾಗಿ ಬಂದಾಗ ಬೆಲೆ ಎಷ್ಟಿತ್ತು" ಅಂತ ಪುಸ್ತಕ ತೆಗೆದು ನೋಡಿ. ಆ ಪ್ರಶ್ನೆಗೆ ಸಿಗುವ ಉತ್ತರ ಸಾಮಾನ್ಯವಾಗಿ ಸಪ್ಪಗಿರುತ್ತದೆ. ಆದರೆ ಬಡ್ಡಿ ಕಟ್ಟುವುದು ಅದರಲ್ಲೇ.

ಪ್ರಶ್ನೆ: ಸ್ವತಂತ್ರ ಘಟನೆಗಳು ಮತ್ತು ಮ್ಯೂಚುಯಲಿ ಎಕ್ಸ್‌ಕ್ಲೂಸಿವ್ ಘಟನೆಗಳು ಎರಡೂ ಒಂದೇನಾ? ಎರಡರಲ್ಲೂ "ಸಂಬಂಧ ಇಲ್ಲ" ಅಂತಲೇ ಅನ್ನಿಸುತ್ತೆ.
(ಪಿಯು ವಿದ್ಯಾರ್ಥಿ, ಗೌರಿಬಿದನೂರು)

ಉತ್ತರ: ಒಂದೇ ಅಲ್ಲಪ್ಪ, ಹೆಚ್ಚುಕಮ್ಮಿ ಉಲ್ಟಾ. ಒಟ್ಟಿಗೆ ನಡೆಯಲಾರದ ಎರಡು ಘಟನೆಗಳಲ್ಲಿ ಒಂದು ನಡೆಯಿತು ಅಂತ ಗೊತ್ತಾದ ತಕ್ಷಣ ಇನ್ನೊಂದರ ಸಾಧ್ಯತೆ ಸೊನ್ನೆಗೆ ಬೀಳುತ್ತದೆ. ಅದಕ್ಕಿಂತ ಗಟ್ಟಿ ಅವಲಂಬನೆ ಯಾವುದಿದೆ? ದಾಳ ಹಾಕಿದಾಗ 2 ಬೀಳುವುದು, 5 ಬೀಳುವುದು ಒಟ್ಟಿಗೆ ಆಗಲ್ಲ, ಹಾಗಾಗಿ ಅವು ಸ್ವತಂತ್ರ ಅಲ್ಲ. ಸಮಸಂಖ್ಯೆ ಬೀಳುವುದು ಮತ್ತು 1 ಅಥವಾ 2 ಬೀಳುವುದು ತಗೋ. ಸಮಸಂಖ್ಯೆ ಅಂತ ಗೊತ್ತಾದರೆ ಉಳಿದದ್ದು 2, 4, 6. ಅದರಲ್ಲಿ ನಮಗೆ ಬೇಕಾದದ್ದು 2 ಒಂದೇ, 1/3. ಗೊತ್ತಾಗುವ ಮೊದಲೂ 2/6, ಅಂದರೆ 1/3. ಬದಲಾಗಲಿಲ್ಲ, ಹಾಗಾಗಿ ಸ್ವತಂತ್ರ. ಎರಡೂ ಒಟ್ಟಿಗೆ ನಡೆಯಬಹುದು ಕೂಡ.

ಪ್ರಶ್ನೆ: ನಮ್ಮ ಹಸುವಿಗೆ ಕೆಚ್ಚಲು ಬಾವು ಇದೆಯಾ ಅಂತ ಹಾಲಿನ ಟೆಸ್ಟ್ ಮಾಡಿದರು. ಪಾಸಿಟಿವ್ ಬಂತು. ಟೆಸ್ಟ್ 90 ಪರ್ಸೆಂಟ್ ಸರಿ ಹೇಳುತ್ತೆ ಅಂದರು. ಹಸು ಮೇವು ತಿಂದುಕೊಂಡು ಚೆನ್ನಾಗೇ ಇದೆ, ಕೆಚ್ಚಲು ಊದಿಲ್ಲ. ನೂರಕ್ಕೆ ತೊಂಬತ್ತು ಪಾಲು ರೋಗ ಇದೆ ಅಂತಲೇ ತಿಳೀಬೇಕಾ?
(ಹಾಲು ಉತ್ಪಾದಕರ ಸಂಘದ ಸದಸ್ಯೆ, ಶಿಡ್ಲಘಟ್ಟ ತಾಲ್ಲೂಕು)

ಉತ್ತರ: ಹಾಗಲ್ಲಮ್ಮ. ಬಹಳ ಜನ ಎಡವುವ ಜಾಗ ಇದು. ಓದಿದವರೂ ಎಡವುತ್ತಾರೆ. "ರೋಗ ಇದ್ದರೆ ಟೆಸ್ಟ್ ಪಾಸಿಟಿವ್ ಬರುವ ಸಾಧ್ಯತೆ" ಒಂದು. "ಟೆಸ್ಟ್ ಪಾಸಿಟಿವ್ ಬಂದರೆ ರೋಗ ಇರುವ ಸಾಧ್ಯತೆ" ಇನ್ನೊಂದು. 90 ಅಂತ ಹೇಳಿದ್ದು ಮೊದಲನೆಯದು. ನಿಮಗೆ ಬೇಕಾದದ್ದು ಎರಡನೆಯದು.

ನೀವು ನೋಡಿರುವ ಟೆಸ್ಟ್ ಬಹುಶಃ ನಾಲ್ಕು ಬಟ್ಟಲಿನ ತಟ್ಟೆಯದು. ನಾಲ್ಕು ಮೊಲೆಯ ಹಾಲನ್ನು ನಾಲ್ಕು ಬಟ್ಟಲಿಗೆ ಕರೆದು, ಒಂದು ದ್ರಾವಣ ಹಾಕಿ ಮೆಲ್ಲಗೆ ತಿರುಗಿಸುತ್ತಾರೆ. ಬಾವು ಇದ್ದರೆ ಹಾಲಿನಲ್ಲಿ ಜೀವಕೋಶಗಳು ಹೆಚ್ಚಿರುತ್ತವೆ, ಆ ಬಟ್ಟಲಿನ ಹಾಲು ಲೋಳೆಯ ಹಾಗೆ ಗಟ್ಟಿಯಾಗುತ್ತದೆ. ಕಣ್ಣಳತೆಯ ಟೆಸ್ಟು, ಬೇಗ ಆಗುತ್ತದೆ, ಖರ್ಚು ಕಮ್ಮಿ. ಆದರೆ ತಪ್ಪಾಗುವುದುಂಟು.

ನೂರು ಹಸು ತಗೊಳ್ಳೋಣ, ಎಲ್ಲವೂ ನಿಮ್ಮದರ ಹಾಗೆ ನೋಡೋಕೆ ಚೆನ್ನಾಗಿರುವಂಥವು. ಲೆಕ್ಕಕ್ಕೆ ಅಂತ 10 ಹಸುವಿಗೆ ಒಳಗೊಳಗೇ ಬಾವು ಇದೆ ಅಂದುಕೊಳ್ಳಿ. ಟೆಸ್ಟು 90 ಪರ್ಸೆಂಟ್ ಸರಿ, ಹಾಗಾಗಿ 10ರಲ್ಲಿ 9 ಪಾಸಿಟಿವ್. ಉಳಿದ 90 ಹಸು ಆರೋಗ್ಯವಾಗಿವೆ. ಅವುಗಳಲ್ಲೂ ಟೆಸ್ಟು ನೂರಕ್ಕೆ ಹತ್ತು ಸಲ ತಪ್ಪು ಹೇಳಿದರೆ 9 ಪಾಸಿಟಿವ್. ಒಟ್ಟು ಪಾಸಿಟಿವ್ 18. ಅದರಲ್ಲಿ ನಿಜವಾಗಿ ರೋಗ ಇರುವುದು 9. ಅರ್ಧಕ್ಕೆ ಅರ್ಧ. 90 ಎಲ್ಲಿ, 50 ಎಲ್ಲಿ!

ಕೆಚ್ಚಲು ಊದಿ ಬಿಸಿಯಾಗಿ, ಹಾಲಿನಲ್ಲಿ ಗರಣೆ ಬರುತ್ತಿರುವ ನೂರು ಹಸು ತಗೊಂಡಿದ್ದರೆ? ಅಲ್ಲಿ 50ಕ್ಕೆ ರೋಗ ಇದೆ ಅಂತ ಇಟ್ಟರೂ ಪಾಸಿಟಿವ್ 45 ಮತ್ತು 5, ಒಟ್ಟು 50, ಅದರಲ್ಲಿ 45 ನಿಜ. ಈಗ 90 ಬಂತು. ಟೆಸ್ಟು ಅದೇ, ಮಾಡಿದವರು ಅವರೇ, ಶುರುವಿನಲ್ಲಿ ಎಂಥ ಹಸುಗಳ ಗುಂಪಿನಿಂದ ಹೊರಟೆವು ಅನ್ನುವುದೊಂದೇ ಬದಲಾದದ್ದು. ಹೀಗೆ ಷರತ್ತನ್ನು ತಿರುಗಿಸಿ ಲೆಕ್ಕ ಮಾಡುವ ದಾರಿಗೆ ಬೇಯ್ಸ್ ಪ್ರಮೇಯ ಅನ್ನುತ್ತಾರೆ. ಥಾಮಸ್ ಬೇಯ್ಸ್ ಇಂಗ್ಲೆಂಡಿನ ಒಬ್ಬ ಪಾದ್ರಿ. 1761ರಲ್ಲಿ ತೀರಿಕೊಂಡರು. ಅವರ ಬರಹವನ್ನು ಸ್ನೇಹಿತ ರಿಚರ್ಡ್ ಪ್ರೈಸ್ 1763ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬೆಳಕಿಗೆ ತಂದರು. ಪಿಯು ಮಕ್ಕಳು ಇವತ್ತು ಬಾಯಿಪಾಠ ಮಾಡುವ ಸೂತ್ರದ ಬೇರು ಅಲ್ಲಿದೆ.

ಹಾಗಂತ ಟೆಸ್ಟು ದಂಡ ಅಂತ ತಿಳಿಯಬೇಡಿ. ಟೆಸ್ಟಿಗೆ ಮುಂಚೆ ನಿಮ್ಮ ಹಸುವಿನ ಅಪಾಯ 10 ಪರ್ಸೆಂಟ್, ಈಗ 50. ಸುಮ್ಮನಿರುವ ಹೊತ್ತಲ್ಲ ಇದು. ನೆಗೆಟಿವ್ ಬಂದಿದ್ದರೆ 82 ನೆಗೆಟಿವ್ ಹಸುಗಳಲ್ಲಿ ಒಂದಕ್ಕೆ ಮಾತ್ರ ರೋಗ, ಆಗ ನಿಶ್ಚಿಂತೆಯಾಗಿ ಇರಬಹುದಿತ್ತು.

ಇನ್ನೊಂದು ಸಲ ಅದೇ ಟೆಸ್ಟ್ ಮಾಡಿಸಿದರೆ ಸಾಕಾ ಅಂತ ನೀವು ಕೇಳಬಹುದು. ಎರಡನೇ ಟೆಸ್ಟಿನ ತಪ್ಪು ಮೊದಲನೆಯದರ ತಪ್ಪಿಗೆ ಅಂಟಿಕೊಂಡಿರದಿದ್ದರೆ, ಮತ್ತೆ ಪಾಸಿಟಿವ್ ಬಂದಾಗ 50 ಇದ್ದದ್ದು 90ಕ್ಕೆ ಏರುತ್ತದೆ. ಆದರೆ ಈಗಷ್ಟೇ ಕರು ಹಾಕಿದ ಹಸುವಿನಲ್ಲಿ, ಹಾಲು ಬತ್ತುತ್ತಾ ಬಂದ ಹಸುವಿನಲ್ಲಿ ರೋಗ ಇಲ್ಲದೆಯೂ ಹಾಲಿನ ಜೀವಕೋಶ ಹೆಚ್ಚಿರುತ್ತವೆ. ಅಂಥ ಹಸುವಿಗೆ ನಾಳೆ ಮಾಡಿದರೂ ಅದೇ ಲೋಳೆ, ಅದೇ ತಪ್ಪು. ಎರಡು ಟೊಮೆಟೊ ಹೊಲಕ್ಕೆ ಒಂದೇ ಮಳೆ ಬಿದ್ದಂತೆಯೇ ಇದು, ಎರಡು ಟೆಸ್ಟಿಗೂ ಕಾರಣ ಒಂದೇ. ಅದಕ್ಕೇ ಡಾಕ್ಟರಿಗೆ ಹಸು ಕರು ಹಾಕಿ ಎಷ್ಟು ದಿನ ಆಯಿತು ಅಂತ ಮೊದಲು ಹೇಳಿ. ಹಾಲನ್ನು ಲ್ಯಾಬಿಗೆ ಕಳಿಸಿ ರೋಗಾಣು ಬೆಳೆಸಿ ನೋಡುವ ಬೇರೆ ಜಾತಿಯ ಪರೀಕ್ಷೆ ಮಾಡಿಸಲು ಆಗುತ್ತದಾ ಅಂತ ಕೇಳಿ. ಅಷ್ಟರವರೆಗೆ ಆ ಹಸುವನ್ನು ಕೊನೆಗೆ ಕರೆಯಿರಿ, ಕರೆದ ಮೇಲೆ ಕೈ ಚೆನ್ನಾಗಿ ತೊಳೆಯಿರಿ. ಆಂಟಿಬಯೋಟಿಕ್ ಹಾಕಿಸಿದರೆ ಡಾಕ್ಟರು ಹೇಳಿದಷ್ಟು ದಿನ ಹಾಲನ್ನು ಡೇರಿಗೆ ಹಾಕುವಂತಿಲ್ಲ. ಐವತ್ತು ಪರ್ಸೆಂಟ್ ಅನುಮಾನಕ್ಕೆ ಅಷ್ಟು ದಿನದ ಹಾಲು ಕಳೆದುಕೊಳ್ಳಬೇಕಾ ಅನ್ನುವುದನ್ನು ಡಾಕ್ಟರ ಜೊತೆ ಕೂತು ತೀರ್ಮಾನ ಮಾಡಿ.

ಪ್ರಶ್ನೆ: "ಒಂದು ಮನೆಯಲ್ಲಿ ಇಬ್ಬರು ಮಕ್ಕಳು. ಅವರಲ್ಲಿ ಒಬ್ಬಳು ಹುಡುಗಿ. ಇಬ್ಬರೂ ಹುಡುಗಿಯರಾಗಿರುವ ಸಂಭವನೀಯತೆ ಎಷ್ಟು?" ತರಗತಿಯಲ್ಲಿ ಅರ್ಧ ಮಕ್ಕಳು 1/2 ಅಂತಾರೆ, ಅರ್ಧ ಮಕ್ಕಳು 1/3 ಅಂತಾರೆ. ನಾನು 1/3 ಅಂತ ಹೇಳಿಕೊಟ್ಟೆ, ಆದರೆ ಅವರಿಗೆ ಸಮಾಧಾನ ಆಗಿಲ್ಲ.
(ಗಣಿತ ಶಿಕ್ಷಕರು, ಮಧುಗಿರಿ)

ಉತ್ತರ: ಮೇಷ್ಟ್ರೇ, ಮಕ್ಕಳಿಗೆ ಸಮಾಧಾನ ಆಗದೇ ಇರುವುದಕ್ಕೆ ಕಾರಣ ಇದೆ. ದೊಡ್ಡದು ಚಿಕ್ಕದು ಅಂತ ಕ್ರಮವಾಗಿ ಬರೆದರೆ ನಾಲ್ಕು ರೀತಿ: ಹುಡುಗಿ-ಹುಡುಗಿ, ಹುಡುಗಿ-ಹುಡುಗ, ಹುಡುಗ-ಹುಡುಗಿ, ಹುಡುಗ-ಹುಡುಗ. ನಾಲ್ಕಕ್ಕೂ ಸಮ ಸಾಧ್ಯತೆ ಅಂತಿಟ್ಟುಕೊಳ್ಳೋಣ. "ಕನಿಷ್ಠ ಒಬ್ಬಳು ಹುಡುಗಿ" ಅನ್ನುವುದು ಷರತ್ತಾದರೆ ಕೊನೆಯದು ಮಾತ್ರ ಹೊರಗೆ ಹೋಗುತ್ತದೆ. ಉಳಿದ ಮೂರರಲ್ಲಿ ಒಂದು, 1/3. "ದೊಡ್ಡ ಮಗು ಹುಡುಗಿ" ಅನ್ನುವುದು ಷರತ್ತಾದರೆ ಕೊನೆಯ ಎರಡೂ ಹೋಗುತ್ತವೆ, 1/2.

ಮಕ್ಕಳು ಮೂರನೆಯದೇ ಒಂದು ಚಿತ್ರ ಇಟ್ಟುಕೊಂಡಿರುತ್ತಾರೆ. ಆ ಮನೆಗೆ ಹೋದೆವು, ಇಬ್ಬರಲ್ಲಿ ಯಾರೋ ಒಬ್ಬರು ಬಂದು ಬಾಗಿಲು ತೆಗೆದರು, ನೋಡಿದರೆ ಹುಡುಗಿ. ಇಲ್ಲಿ ಹುಡುಗಿ-ಹುಡುಗಿ ಮನೆಯಲ್ಲಿ ಹುಡುಗಿಯೇ ಬಾಗಿಲು ತೆಗೆಯುವುದು ಖಂಡಿತ, ಮಿಶ್ರ ಮನೆಯಲ್ಲಿ ಅರ್ಧ ಸಾಧ್ಯತೆ. ನಾಲ್ಕು ಮನೆಗೆ ಲೆಕ್ಕ ಹಾಕಿದರೆ 1, ಅರ್ಧ, ಅರ್ಧ, ಸೊನ್ನೆ, ಒಟ್ಟು 2. ಅದರಲ್ಲಿ ಹುಡುಗಿ-ಹುಡುಗಿ ಮನೆಯ ಪಾಲು 1. ಅಂದರೆ 1/2. ಆ ಚಿತ್ರಕ್ಕೆ ಅವರ ಉತ್ತರವೇ ಸರಿ.

"ಅವರಲ್ಲಿ ಒಬ್ಬಳು ಹುಡುಗಿ" ಅನ್ನುವ ವಾಕ್ಯ ಈ ಮೂರಕ್ಕೂ ಹೊಂದುತ್ತದೆ, ತೊಂದರೆ ಇರುವುದು ಅಲ್ಲಿ. ನೀವು ಪ್ರಶ್ನೆ ಪತ್ರಿಕೆ ಮಾಡುವಾಗ "ಕನಿಷ್ಠ ಒಬ್ಬಳಾದರೂ ಹುಡುಗಿ ಎಂದು ತಿಳಿದಿದೆ" ಅಂತ ಬರೆಯಿರಿ. ಹಿಂದಿನ ಟೆಸ್ಟಿನಲ್ಲಿ ಬಾಗಿಲಿನ ರೀತಿಯ ವಿವರಣೆ ಕೊಟ್ಟು 1/2 ಬರೆದ ಮಕ್ಕಳಿದ್ದರೆ ಅವರಿಗೆ ಪೂರ್ತಿ ಮಾರ್ಕ್ಸ್ ಕೊಡಿ.